ಬಿಡದ ಬ್ರೇಕು

ಪಿಸ್ಟನ್ ಹೊರಗೆ ಬರಲಿಲ್ಲ.

ಹಾನಗಲ್ ಠಾಣೆಯ ಹಿಂದಿನ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಕೂತ ನಾನು ಆ ದರಿದ್ರ ಮಾಸ್ಟರ್ ಸಿಲಿಂಡರಿನ ಜೊತೆ ಅರ್ಧ ತಾಸಿನಿಂದ ಗುದ್ದಾಡುತ್ತಿದ್ದೆ. ಬ್ರೇಕ್ ಹಿಡಿಕೆಯ ಪಕ್ಕ ಹ್ಯಾಂಡಲ್ಲಿಗೆ ಕೂರುವ, ಹೆಬ್ಬೆರಳು ಗಾತ್ರದ ಕೊಳವೆ ಅದು. ಬಾಯಿಯ ಲಾಕ್ ತೆಗೆದರೆ ಒಳಗಿನ ಸ್ಪ್ರಿಂಗೇ ಪಿಸ್ಟನ್ನನ್ನು ಪುಟಕ್ಕನೆ ಆಚೆ ನೂಕಬೇಕು. ಇದು ಗೋಂದು ಹಚ್ಚಿದ ಹಾಗೆ ಒಳಗೇ ಕೂತಿತ್ತು.

ಹೆಡ್ ಕಾನ್‌ಸ್ಟೆಬಲ್ ಚೌಡಪ್ಪ ತಲೆಯ ಮೇಲೇ ನಿಂತಿದ್ದ. ಸುತ್ತಿಗೆಯಿಂದ ಒಂದು ಕೊಡಿ ಎಂದ. ಬಿಸಿನೀರು ಹಾಕಿ ಎಂದ. ತನ್ನ ಷಡ್ಡಕನ ಬೈಕಿಗೂ ಹೀಗೇ ಆಗಿತ್ತು ಎಂದು ಕಥೆ ಶುರು ಹಚ್ಚಿದ. ಕೆಲಸ ಮಾಡುವಾಗ ಕಿವಿಯ ಹತ್ತಿರ ಯಾರಾದರೂ ಮಾತಾಡಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಎರಡು ಛಾ ತರಲು ಅವನನ್ನು ಹೊರಗಟ್ಟಿದೆ.

ಸಾಕ್ಷಿಗೆ ಒಬ್ಬರು ಇರಬೇಕಾಗಿತ್ತು. ಅದು ಗೊತ್ತಿಲ್ಲದಷ್ಟು ದಡ್ಡಿಯಲ್ಲ ನಾನು. ಆದರೆ ನನ್ನ ತಪ್ಪು ಮೊದಲು ನನಗೊಬ್ಬಳಿಗೇ ಖಾತ್ರಿಯಾಗಲಿ ಎಂಬ ಒಣಜಂಭ ಇತ್ತು.

ತಪ್ಪು ಇಷ್ಟು. ಮೂರು ವಾರದ ಹಿಂದೆ, ಒಂದು ಗುರುವಾರ, ಅಕ್ಕಿಆಲೂರಿನ ರೈಸ್ ಮಿಲ್ ಮಾಲೀಕ ಕರಬಸಪ್ಪನವರ ಮಗ ಮಾಲತೇಶ ಈ ಬೈಕಿನಿಂದ ಬಿದ್ದು ಸತ್ತ. ಮೋಟಾರು ವಾಹನ ನಿರೀಕ್ಷಕಿ ಪ್ರಿಯಂವದಾ ಎಂಬ ನಾನು ಇಪ್ಪತ್ತು ನಿಮಿಷ ನೋಡಿ, ಡೂಪ್ಲಿಕೇಟ್ ಬಿಡಿಭಾಗ, ಬ್ರೇಕ್ ಫೇಲ್ ಎಂದು ಬರೆದು ಸಹಿ ಹಾಕಿದೆ. ಆ ಕಾಗದದ ಮೇಲೆ, ಬ್ರೇಕು ಕೂರಿಸಿದ್ದ ಶಿಗ್ಗಾಂವಿಯ ಮೆಕ್ಯಾನಿಕ್ ಮುಬಶೀರ ಜೈಲು ಸೇರಿದ.

ಕಳೆದ ವಾರ ಮುಂದಿನ ಟಯರಿನಲ್ಲಿ ಅಂಗೈಯಗಲ, ಒಂದೇ ಕಡೆ ಸವೆದ ಗುರುತು ಕಂಡಂದಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಬ್ರೇಕು ಹಿಡಿಯದಿದ್ದರೆ ಗಾಲಿ ತಿರುಗುತ್ತಲೇ ಇರುತ್ತದೆ. ಹೀಗೆ ಒಂದೇ ಕಡೆ ಸವೆಯಬೇಕಾದರೆ ಗಾಲಿ ಗಕ್ಕನೆ ನಿಂತು, ರಸ್ತೆಯ ಮೇಲೆ ಉಜ್ಜಿಕೊಂಡು ಹೋಗಿರಬೇಕು.

ಕೊನೆಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಠಪ್ಪೆಂದು ಪಿಸ್ಟನ್ ಬಂದು ಗೋಣಿತಾಟಿನ ಮೇಲೆ ಬಿತ್ತು.

ಅದರ ತುದಿಗೆ ಬಟ್ಟಲಿನಾಕಾರದ ಸಣ್ಣದೊಂದು ರಬ್ಬರು ಇರುತ್ತದೆ. ಹೋಲಿಸಿ ನೋಡಲೆಂದು ಸವಣೂರಿನಿಂದ ಬರುವಾಗ ಹೊಸದೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡೆ. ಗಾಡಿಯದು ನೆನೆಹಾಕಿದ ಕಡಲೆಯ ಹಾಗೆ ಊದಿತ್ತು. ಚಿವುಟಿದರೆ ಮೆತ್ತಗೆ ಉಗುರಿಗೆ ಹತ್ತುತ್ತಿತ್ತು.

ಕೊಳವೆಯ ಗೋಡೆಗೆ ಅಂಟಿದ್ದ ಚೂರು ಜಿಡ್ಡನ್ನೆಲ್ಲ ಕಡ್ಡಿಯಿಂದ ಕೆರೆದು ನೀರಿನ ಬಾಟಲಿಯ ಮುಚ್ಚಳಕ್ಕೆ ಹಾಕಿದೆ. ಬ್ರೇಕ್ ಆಯಿಲ್ ಆಗಿದ್ದರೆ ನೀರಲ್ಲಿ ಕರಗಿ ಹೋಗಬೇಕಿತ್ತು. ಇದು ಮೇಲೆ ತೇಲಿ ಬಣ್ಣಬಣ್ಣದ ಪೊರೆ ಹರಡಿತು.

ಯಾರೋ ಬ್ರೇಕ್ ಆಯಿಲ್ ತುಂಬುವ ಬಟ್ಟಲಿಗೆ ಮಷೀನಿನ ಎಣ್ಣೆ ಹಾಕಿದ್ದರು.

ಮಷೀನಿನ ಎಣ್ಣೆ ಬಿದ್ದರೆ ಈ ರಬ್ಬರು ಮೂರು ನಾಲ್ಕು ದಿನದಲ್ಲಿ ಊದುತ್ತದೆ. ಹಿಡಿಕೆ ಒತ್ತಿದಾಗ ಕೆಳಗೆ ಹೋದ ಆಯಿಲ್ ಬಿಟ್ಟಾಗ ವಾಪಸ್ ಬರುವುದಕ್ಕೆ ಸೂಜಿಮೊನೆಯಷ್ಟು ತೂತಿದೆ. ಊದಿದ ರಬ್ಬರು ಆ ತೂತಿನ ಮೇಲೇ ಕೂರುತ್ತದೆ. ಹೋದ ಆಯಿಲ್ ಮರಳುವುದಿಲ್ಲ. ಬ್ರೇಕಿನ ಪ್ಯಾಡು ಗಾಲಿಯ ಡಿಸ್ಕನ್ನು ಸ್ವಲ್ಪ ಸ್ವಲ್ಪವೇ ಹಿಡಿದುಕೊಂಡು ಓಡುತ್ತದೆ, ಕಾಯುತ್ತದೆ, ಕಾದ ಆಯಿಲ್ ಹಿಗ್ಗಿ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಆಮೇಲೆ ನೇರ ರಸ್ತೆಯಲ್ಲಿ, ಎದುರಿಗೆ ಒಂದು ನಾಯಿ ಕೂಡ ಇಲ್ಲದಾಗ, ಮುಂದಿನ ಗಾಲಿ ತಾನೇ ನಿಂತುಬಿಡುತ್ತದೆ. ಗಾಲಿ ಗಕ್ಕನೆ ನಿಲ್ಲದಂತೆ ತಡೆಯುವ ಎ.ಬಿ.ಎಸ್. ಇಲ್ಲದ ಹಳೆಯ ಮಾಡೆಲ್, ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದು. ಆ ಹುಡುಗ ತನ್ನ ಗಾಡಿಯ ಮೇಲಿಂದಲೇ ಹಾರಿ ಬಿದ್ದಿದ್ದ.

ಬ್ರೇಕು ಹಿಡಿಯಲಿಲ್ಲ ಎಂದು ಬರೆದುಕೊಟ್ಟಿದ್ದೆ ನಾನು. ಅದು ಬಿಡದೆ ಅವನನ್ನು ಕೊಂದಿತ್ತು. ನನಗೆ ನನ್ನ ಮೇಲೇ ಹೇಸಿಗೆ ಅನಿಸಿತು.

ಕೆಳಗೆ ಗಾಲಿಯ ಹತ್ತಿರದ ರಬ್ಬರುಗಳನ್ನೂ ಬಿಚ್ಚಿ ನೋಡಿದೆ. ಅವು ಸರಿಯಾಗಿದ್ದವು. ಮೇಲೆ ಹಾಕಿದ ಎಣ್ಣೆ ಪೈಪಿನುದ್ದಕ್ಕೂ ಇಳಿಯುವಷ್ಟು ದಿನ ಗಾಡಿ ಓಡಿರಲಿಲ್ಲ. ಆಯಿಲ್ ಬಟ್ಟಲು ಅವತ್ತೇ ಒಡೆದು ಚೂರಾಗಿತ್ತು. ಉಳಿದಿದ್ದ ಪುರಾವೆ ಈ ಒಂದು ರಬ್ಬರು. ಫೋಟೋ ತೆಗೆದುಕೊಂಡು, ಅದನ್ನು ಖಾಲಿ ಮಾತ್ರೆ ಡಬ್ಬಿಗೆ ಹಾಕಿ ಚೀಲದಲ್ಲಿ ಇಟ್ಟೆ. ಚೌಡಪ್ಪ ಛಾ ತರುವಷ್ಟರಲ್ಲಿ ನಾನು ಕಾರಿನಲ್ಲಿ ಕೂತಾಗಿತ್ತು.

*

ಶಿಗ್ಗಾಂವಿಯಲ್ಲಿ ಮುಬಶೀರನ ಗ್ಯಾರೇಜಿನ ಶಟರು ಅರ್ಧ ಎತ್ತಿತ್ತು. ಶಟರಿನ ತುಂಬ ಕಲ್ಲೇಟಿನ ತಗ್ಗು. ಮಾಲತೇಶನ ಮಣ್ಣಾದ ಮರುದಿನ ಯಾರೋ ಬಂದು ಹೊಡೆದು ಹೋಗಿದ್ದರು.

ಒಳಗೆ ಅವನ ಹೆಂಡತಿ ಮದಿಹಾ ಪಾನಾಗಳನ್ನು ಒರೆಸಿ ಒರೆಸಿ ಮೊಳೆಗೆ ನೇತುಹಾಕುತ್ತಿದ್ದಳು. ಗಂಡ ಬಂದಾಗ ಎಲ್ಲವೂ ಜಾಗದಲ್ಲಿ ಇರಬೇಕಂತೆ. ನನ್ನನ್ನು ಕಂಡು ಸ್ಟೂಲು ಒರೆಸಿ ಕೊಟ್ಟಳು, ನೀರು ಕೊಟ್ಟಳು. ಆ ಮರ್ಯಾದೆಯಿಂದ ನನಗೆ ಇನ್ನಷ್ಟು ಕಸಿವಿಸಿಯಾಯಿತು.

ಬ್ರೇಕ್ ಆಯಿಲ್ ಯಾವುದು ಹಾಕಿದ್ದ ಎಂದು ಕೇಳಿದೆ. ಅವಳು ಕಪಾಟು ತೆಗೆದಳು. ಒಂದು ಗಾಡಿಗೆ ಒಂದು ಸೀಲ್ ಒಡೆದ ಸಣ್ಣ ಬಾಟಲಿ, ಉಳಿದರೆ ಅದರ ಮೇಲೆ ಗಾಡಿಯ ನಂಬರು ಬರೆದು ಇಡುವುದು, ಇನ್ನೊಂದು ಗಾಡಿಗೆ ಅದನ್ನು ಮುಟ್ಟದಿರುವುದು. ಅದು ಮುಬಶೀರನ ಪದ್ಧತಿ. ಮಾಲತೇಶನ ನಂಬರಿನ ಬಾಟಲಿ ಅರ್ಧ ತುಂಬಿತ್ತು. ಲೋಟದ ನೀರಿಗೆ ನಾಲ್ಕು ಹನಿ ಬಿಟ್ಟೆ. ಸಕ್ಕರೆಯ ಹಾಗೆ ಕರಗಿತು.

ಮುಬಶೀರ ತಪ್ಪು ಮಾಡಿರಲಿಲ್ಲ.

ಮದಿಹಾ ಹೇಳಿದಳು, ಆ ಬಿಡಿಭಾಗಗಳನ್ನು ಮಾಲತೇಶ ತಾನೇ ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದ್ದನಂತೆ. ಕಂಪನಿ ಬ್ರೇಕು ಚೆನ್ನಾಗಿಯೇ ಇದೆ, ಯಾಕೆ ಬಿಚ್ಚುತ್ತೀರಿ ಎಂದು ಮುಬಶೀರ ಎರಡು ದಿನ ಹೇಳಿದನಂತೆ. ಕಂಪನಿಯದಕ್ಕೆ ಸ್ಕ್ರೂ ಹೊಡೆದ ಮುಚ್ಚಿದ ಡಬ್ಬಿ. ಇದಕ್ಕೆ ಹ್ಯಾಂಡಲ್ ಮೇಲೆ ಎದ್ದು ಕಾಣುವ ಪಾರದರ್ಶಕ ಬಟ್ಟಲು, ಕೈಯಲ್ಲೇ ತಿರುಗಿಸಿ ತೆಗೆಯುವ ಮುಚ್ಚಳ. ರೇಸ್ ಗಾಡಿಗಳಿಗೆ ಹಾಗೆ ಇರುತ್ತದೆ ಎಂದು ಹುಡುಗ ಹಟ ಹಿಡಿದಿದ್ದ. ಹಾಗೆ ಕೂತು ಕೆಲಸ ನೋಡುತ್ತಿರುವಾಗಲೇ ಫೋನಿನಲ್ಲಿ ಯಾರಿಗೋ, ಭರಮಪ್ಪನನ್ನು ಈ ತಿಂಗಳ ಕೊನೆಗೆ ಕೆಲಸದಿಂದ ಬಿಡಿಸುತ್ತೇನೆ, ಅಪ್ಪನಿಗೆ ನಾನು ಹೇಳುತ್ತೇನೆ ಎಂದಿದ್ದನಂತೆ.

ಭರಮಪ್ಪ ಅವರ ಮಿಲ್ಲಿನ ಮೇಸ್ತ್ರಿ. ಇಪ್ಪತ್ತು ವರ್ಷದಿಂದ ಅಲ್ಲಿದ್ದಾನೆ. ಬೈಕು ನಿಲ್ಲುತ್ತಿದ್ದುದು ಮಿಲ್ಲಿನ ಶೆಡ್ಡಿನಲ್ಲಿ. ಮಷೀನಿನ ಎಣ್ಣೆಗೆ ಅಲ್ಲಿ ಬರವಿಲ್ಲ.

ಎದ್ದು ನಿಂತೆ. ಮದಿಹಾ ಶಟರಿನ ತನಕ ಬಂದಳು.

“ಆ ರಿಪೋರ್ಟ್ ಬರದವರು ನೀವ ಅಲ್ಲೇನ್ರೀ?”

“ಹೌದು. ನಾನ.”

“ವಕೀಲರು ಎರಡು ಸಲ ಬೇಲ್ ಕೇಳಿದ್ರು. ಎರಡೂ ಸಲ ಜಡ್ಜ್ ಸಾಹೇಬ್ರು ನಿಮ್ಮ ಕಾಗದ ಓದಿ ಇಲ್ಲ ಅಂದ್ರು. ನಾಳೆ ಮುಂಜಾನಿ ಹತ್ತೂವರಿಗೆ ಮತ್ತ ಐತಿ. ನಿಮಗ ಬೈಯಾಕ ನನ್ನ ಹತ್ರ ತಾಕತ್ ಉಳಿದಿಲ್ರಿ. ಬಂದು ಖರೆ ಹೇಳ್ರಿ, ಸಾಕು.”

ಬರುತ್ತೇನೆ ಎಂದೆ.

*

ಅಕ್ಕಿಆಲೂರು ಮುಟ್ಟಿದಾಗ ಎರಡು ಗಂಟೆ. ಸಂತೆಯ ದಿನವಲ್ಲದ್ದರಿಂದ ರಸ್ತೆ ಖಾಲಿ ಇತ್ತು. ಮಿಲ್ಲಿನ ಧೂಳು ಮಾತ್ರ ಎಂದಿನಂತೆ ಎಲ್ಲದರ ಮೇಲೂ ಕೂತಿತ್ತು.

ಭರಮಪ್ಪನನ್ನು ಭತ್ತದ ಚೀಲಗಳ ಹಿಂದೆ ಕರೆದು ನಿಲ್ಲಿಸಿದೆ. ನನಗೆ ಸುತ್ತು ಬಳಸು ಬರುವುದಿಲ್ಲ. ಮಾಲತೇಶ ನಿನ್ನನ್ನು ಬಿಡಿಸುವವನಿದ್ದ, ಅವನ ಗಾಡಿಯ ಬ್ರೇಕಿಗೆ ಎಣ್ಣೆ ಹಾಕಿದವನು ನೀನೇ ಏನು ಎಂದು ನೇರ ಕೇಳಿದೆ.

ಅವನು ಸಿಟ್ಟಾಗಲಿಲ್ಲ, ಹೆದರಲಿಲ್ಲ. ಬಿಡಿಸುವ ವಿಷಯ ಗೊತ್ತಿತ್ತು ಎಂದ. ಮಗಳ ಊರಿಗೆ ಹೋಗಿ ಇರಲು ತಯಾರಿಯೂ ಮಾಡಿಕೊಂಡಿದ್ದನಂತೆ. ಆಮೇಲೆ ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ.

“ಆ ಗಾಡಿ ನಾವ್ಯಾರೂ ಮುಟ್ಟತಿದ್ದಿಲ್ರಿ. ಮುಟ್ಟಾಕ ಬಿಡತಿದ್ದಿಲ್ಲ ಯಜಮಾನ್ರು. ಮಗಗ ಎದುರಿಗೆ ಬೈತಿದ್ರು, ಅಂವಾ ಏಳೂದ್ರಾಗ ತಾವ ಒರಸ್ತಿದ್ರು.”

ಹಾಗೆ ಹೇಳುತ್ತಲೇ ಅವನು ಕತ್ತು ಹೊರಳಿಸಿ ಒಳಗೆ ನೋಡಿದ. ನಾನೂ ನೋಡಿದೆ.

ಊಟದ ಬಿಡುವು ಮುಗಿದು ಮಿಲ್ಲು ಮತ್ತೆ ಶುರುವಾಗುವುದಿತ್ತು. ಕರಬಸಪ್ಪನವರು ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದುಕೊಂಡು ಮಷೀನಿನಿಂದ ಮಷೀನಿಗೆ ಹೋಗುತ್ತಿದ್ದರು. ಅರವತ್ತೈದರ ಆಳು, ಹಣೆಯ ತುಂಬ ವಿಭೂತಿ, ಬಿಳಿ ಅಂಗಿಯ ತೋಳು ಮಡಿಚಿತ್ತು. ಹಳೆಯ ಮಿಲ್ಲದು. ಶಾಫ್ಟು ತಿರುಗುವ ಪ್ರತಿಯೊಂದು ಬೇರಿಂಗಿನ ತಲೆಯ ಮೇಲೂ ಒಂದು ಗಾಜಿನ ಬಟ್ಟಲು. ಅವರು ಬಾಗಿ ಬಟ್ಟಲು ನೋಡುತ್ತಿದ್ದರು. ಗೆರೆಗಿಂತ ಕಡಿಮೆ ಇದ್ದರೆ ಮುಚ್ಚಳ ತಿರುಗಿಸಿ, ಎಣ್ಣೆ ಬಿಟ್ಟು, ಮುಚ್ಚಿ, ಬಟ್ಟೆಯಿಂದ ಒರೆಸುತ್ತಿದ್ದರು. ಎಲ್ಲ ಬಟ್ಟಲು ತುಂಬುವ ತನಕ ಆ ಮಿಲ್ಲಿನಲ್ಲಿ ಯಾರೂ ಸ್ವಿಚ್ಚು ಹಾಕುವಂತಿಲ್ಲ. ನಲವತ್ತು ವರ್ಷದ ರೂಢಿ ಎಂದು ಭರಮಪ್ಪ ಹೇಳಿದ.

ಮಾಲತೇಶ ತನ್ನ ಗಾಡಿಯ ಹ್ಯಾಂಡಲ್ ಮೇಲೆ ಕೂರಿಸಿದ್ದ ಬಟ್ಟಲು ಇದೇ ಅಳತೆಯದು, ಇದೇ ಆಕಾರದ್ದು, ಅದರ ಮೇಲೂ ಹೀಗೇ ಒಂದು ಗೆರೆ. ಹೊಸ ಪ್ಯಾಡು ಕೂರುತ್ತಾ ಸವೆದಂತೆ ಅದರಲ್ಲಿ ಆಯಿಲ್ ಸ್ವಲ್ಪ ಇಳಿಯುವುದೂ ಸಹಜ.

*

ಕರಬಸಪ್ಪನವರು ನನ್ನನ್ನು ಕಂಡು ಡಬ್ಬಿ ಕೆಳಗಿಟ್ಟರು. ಮಿಲ್ಲು ಶುರುವಾಯಿತು. ಆ ಸದ್ದಿನಲ್ಲಿ ಮಾತಾಡುವುದಕ್ಕಾಗದೆ ಹಿಂದಿನ ಬಾಯ್ಲರ್ ಕೋಣೆಗೆ ಕರೆದುಕೊಂಡು ಹೋದರು. ಭತ್ತ ಬೇಯಿಸುವುದಕ್ಕೆ ಅಲ್ಲಿ ಹಗಲಿಡೀ ಹೊಟ್ಟಿನ ಬೆಂಕಿ ಉರಿಯುತ್ತಿರುತ್ತದೆ. ನಾಳೆ ಬೇಲ್ ಸಿಗದ ಹಾಗೆ ಇನ್ನೊಂದು ಕಾಗದ ಬರೆದುಕೊಡಲು ಬಂದಿದ್ದೇನೆ ಎಂದೇ ಅವರು ತಿಳಿದಿದ್ದರು. ನನ್ನ ಮಗನನ್ನು ಕೊಂದವನು ಹೊರಗೆ ಬರಬಾರದು ಎಂದರು. ಮೂರು ವಾರದಿಂದ ಅವರು ಆಡುತ್ತಿದ್ದುದು ಅದೊಂದೇ ಮಾತು.

“ಸಾವಕಾರ್ರ, ಮಾಲತೇಶನ ಗಾಡಿ ಬಟ್ಟಲಕ್ಕ ನೀವು ಎಣ್ಣಿ ಹಾಕಿದ್ರೇನು?”

ಅವರು ಒಂದು ಕ್ಷಣವೂ ತಡೆಯಲಿಲ್ಲ.

“ಹಾಕಿದ್ದೆ. ಸೋಮವಾರ ಮುಂಜಾನಿ ಮಿಲ್ಲಿನ ಪೂಜಿ ಮುಗಿಸಿ ಬಂದು ನೋಡಿದೆ, ಗೆರಿಗಿಂತ ಕೆಳಗ ಇತ್ತು. ಅಂವಾ ಇನ್ನೂ ಮಕ್ಕೊಂಡಿದ್ದ. ಗಾಡಿ ಬ್ಯಾಡ ಅಂತ ಅವನ ಕೂಡ ಜಗಳಾ ಮಾಡತಿದ್ದೆ ಖರೆ. ಮನೀಗೆ ಬಂದ ಮ್ಯಾಲ ನಮ್ಮ ಮಷೀನ ಅಲ್ಲೇನ್ರೀ ಅದು? ಯಾಕ?”

ಯಾಕೆ ಎಂದು ಹೇಳಬೇಕಾದವಳು ನಾನು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇಷ್ಟು ಕೆಟ್ಟ ಕೆಲಸ ನನ್ನ ಪಾಲಿಗೆ ಬಂದಿರಲಿಲ್ಲ. ಆದರೂ ಹೇಳಿದೆ. ಎಣ್ಣೆಯ ವಿಷಯ, ರಬ್ಬರಿನ ವಿಷಯ, ಸೂಜಿಮೊನೆಯ ತೂತಿನ ವಿಷಯ. ಅವರು ಮಷೀನು ಬಲ್ಲವರು. ಎರಡನೆಯ ಸಲ ವಿವರಿಸಬೇಕಾಗಲಿಲ್ಲ.

ಅವರ ಮುಖದಲ್ಲಿ ಏನೂ ಅಲುಗಲಿಲ್ಲ. ಕೈ ಮಾತ್ರ ಅಂಗಿಯ ಗುಂಡಿಯನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಿತ್ತು.

“ಎಷ್ಟ ದಿನಕ್ಕ ಊದತೈತಿ ಅಂದ್ರಿ?”

“ಮೂರು, ನಾಕು.”

“ಸೋಮವಾರ ಹಾಕಿದ್ದೆ” ಎಂದರು. ಬೆರಳು ಮಡಚಿ ಎಣಿಸಿ, “ಗುರುವಾರ ಹೋದ” ಎಂದರು.

ಹೊಟ್ಟಿನ ರಾಶಿಯ ಮೇಲೆ ಹಾಗೇ ಕುಸಿದು ಕೂತರು. ನಾನೂ ಪಕ್ಕದಲ್ಲಿ ಕೂತೆ. ನನಗೆ ಅಪ್ಪ ನೆನಪಾದರು. ಅವರೂ ಹೀಗೇ, ಎದುರಿಗೆ ಗದರುತ್ತಿದ್ದರು, ನಾನು ಮಲಗಿದ ಮೇಲೆ ನನ್ನ ಸೈಕಲ್ಲಿಗೆ ಗಾಳಿ ಹಾಕಿ ಇಡುತ್ತಿದ್ದರು. ಕಣ್ಣು ತುಂಬಿ ಬಂತು. ನೋಡಬೇಕು ಕೊಡಿ ಎಂದು ಕರಬಸಪ್ಪನವರು ಕೈ ಚಾಚಿದಾಗ, ಆ ಹುಚ್ಚು ಕನಿಕರದಲ್ಲೇ ಮಾತ್ರೆ ಡಬ್ಬಿ ತೆಗೆದು ಅವರ ಅಂಗೈಗೆ ಇಟ್ಟೆ.

ಅವರು ರಬ್ಬರನ್ನು ಬೆರಳಲ್ಲಿ ಹಿಸುಕಿ ನೋಡಿದರು. ಮೂಸಿ ನೋಡಿದರು.

“ಇದನ್ನ ಇನ್ನ ಯಾರ್ಯಾರು ನೋಡ್ಯಾರ್ರಿ?”

ಸುಳ್ಳು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

“ಯಾರೂ ಇಲ್ಲ. ನಾನೊಬ್ಬಾಕಿನ.”

ಅವರು ಎದ್ದರು. ಮೂಲೆಯಲ್ಲಿದ್ದ ಕಬ್ಬಿಣದ ಸಲಾಕೆಯಿಂದ ಬಾಯ್ಲರಿನ ಬಾಗಿಲು ಸರಿಸಿದರು. ನಾನು ಎದ್ದು ಎರಡು ಹೆಜ್ಜೆ ಇಡುವುದರೊಳಗೆ ರಬ್ಬರು ಬೆಂಕಿಯಲ್ಲಿತ್ತು. ಅವರು ಬಾಗಿಲು ಮುಚ್ಚಿ, ಖಾಲಿ ಡಬ್ಬಿಯನ್ನು ಮುಚ್ಚಳ ಹಾಕಿ ನನಗೆ ತಿರುಗಿ ಕೊಟ್ಟರು.

ನಾನು ಅವರ ತೋಳು ಹಿಡಿದು ಜಗ್ಗಿದೆ. ವಯಸ್ಸಾದವರು, ಮಗನನ್ನು ಕಳಕೊಂಡವರು ಎಂಬುದೆಲ್ಲ ಮರೆತು ಹೋಗಿತ್ತು.

“ಏನು ಮಾಡಿದ್ರಿ ಗೊತ್ತದ ಏನು? ಜೈಲಿನಾಗ ಕೂತಾವಗ ಇದ್ದದ್ದು ಇದೊಂದ.”

“ಗೊತ್ತೈತ್ರಿ.”

“ಅವಗೂ ಹೆಂಡ್ತಿ ಅದಾಳ.”

“ನನಗೂ ಅದಾಳ್ರಿ.” ಅವರು ತೋಳು ಬಿಡಿಸಿಕೊಂಡರು. “ಇಪ್ಪತ್ತೊಂದು ದಿನಾ ಆತು, ಅಕಿ ಅನ್ನದ ತುತ್ತು ಬಾಯಿಗಿ ಇಟ್ಟಿಲ್ಲ. ಆ ಮೆಕ್ಯಾನಿಕ್ಕಗ ಶಾಪಾ ಹಾಕೊಂತ ಜೀವಾ ಹಿಡದಾಳ. ಅಕಿ ಮುಂದ ನಿಂತು, ನಿನ್ನ ಮಗನ್ನ ನಾನ ಕೊಂದೇನಿ ಅಂತ ಹ್ಯಾಂಗ ಹೇಳ್ಲಿ? ನೀವು ಬರದದ್ದು ಬರದಂಗ ಇರ್ಲಿ. ನಾನು ಅಂವನ ಹೆಂಡ್ತಿಗೆ ಜೀವನಕ್ಕ ಏನು ಬೇಕೋ ಮಾಡತೇನಿ.”

ಅದು ಅವಳಿಗೆ ಬೇಡ, ಅವಳಿಗೆ ಗಂಡ ಬೇಕು ಎಂದೆ. ಅವರು ಬಾಯ್ಲರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ನನ್ನ ಫೋನಿನಲ್ಲಿ ಫೋಟೋ ಇತ್ತು ನಿಜ. ಆದರೆ ಫೋಟೋದಲ್ಲಿದ್ದ ರಬ್ಬರು ಆ ಗಾಡಿಯದೇ ಎಂದು ಹೇಳುವವಳು ನಾನೊಬ್ಬಳೇ, ಮತ್ತು ಆ ನಾನು ಒಂದು ಸಲ ತಪ್ಪು ವರದಿಗೆ ಸಹಿ ಹಾಕಿದವಳು. ನಾಳೆ ಎದುರಿನ ವಕೀಲ ನನ್ನನ್ನು ಐದು ನಿಮಿಷದಲ್ಲಿ ಕೆಳಗಿಳಿಸುತ್ತಾನೆ. ಮದಿಹಾ ಅಲ್ಲೇ ಬೆಂಚಿನ ಮೇಲೆ ಕೂತು ನೋಡುತ್ತಾಳೆ.

ಬೈಯುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ವೀರವ್ವ ನಿಂತಿದ್ದರು.

*

ಕರಬಸಪ್ಪನವರ ಹೆಂಡತಿ. ಸೀರೆಯ ಸೆರಗು ತಲೆಯ ಮೇಲಿಂದ ಜಾರಿತ್ತು, ಕೈಯಲ್ಲಿ ನನಗೆಂದು ತಂದ ಮಜ್ಜಿಗೆಯ ತಂಬಿಗೆ. ಮಿಲ್ಲಿನ ಸದ್ದಿನಲ್ಲಿ ನಮ್ಮ ಮಾತು ಅವರಿಗೆ ಕೇಳಿಸಿರಲಿಲ್ಲ. ಅವರು ಗಂಡನಿಗೆ ಬೇರೆಯೇ ಸುದ್ದಿ ಹೇಳಲು ಬಂದಿದ್ದರು.

“ಶೀಲಾ ಹೊಂಟ್ಳು. ನೀವು ಮೇಡಮ್ಮಾರ ಕೂಡ ಮಾತಾಡಾಕತ್ತಿದ್ರಿ ಅಂತ ಹೇಳಾಕ ಬರ್ಲಿಲ್ಲ ಅಕಿ.”

ಶೀಲಾ ಅವರ ಹಿರಿಮಗಳು. ಹಂಸಭಾವಿಗೆ ಕೊಟ್ಟಿದ್ದರು. ತಮ್ಮನ ಕಾರ್ಯಕ್ಕೆ ಬಂದವಳು ಅವ್ವನಿಗೆ ಜೊತೆಯಾಗಿ ಇಷ್ಟು ದಿನ ಉಳಿದಿದ್ದಳು. ಸ್ಕೂಟಿಯ ಮೇಲೆ ಹೋದಳಂತೆ, ನಾಲ್ಕು ವರ್ಷದ ಮಗಳನ್ನು ಮುಂದೆ ನಿಲ್ಲಿಸಿಕೊಂಡು.

ವೀರವ್ವ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ಗಂಡನ ಕಡೆ ತಿರುಗಿ, ಸಹಜವಾಗಿ ಹೇಳಿದರು.

“ಗಾಡಿ ಯಾಕೋ ಭಾರ ಬರಾಕತ್ತೈತಿ, ಯಾರೋ ಹಿಂದಿಂದ ಹಿಡದಂಗ ಆಗತೈತಿ ಅಂದ್ಳು. ಏನಿಲ್ಲವಾ, ಅಪ್ಪ ಮೊನ್ನಿ ಸೋಮವಾರ ಬ್ರೇಕಿಗಿ ಎಣ್ಣಿ ತುಂಬ್ಯಾರ, ಹೊಂದಿಕೊಳ್ಳಾಕ ಎಲ್ಡು ದಿನಾ ಬೇಕು, ಹೋಗು ಅಂತ ನಾನ ಕಳಿಸಿದೆ.”

ಮಜ್ಜಿಗೆ ನನ್ನ ಸೀರೆಯ ಮೇಲೆ ಚೆಲ್ಲಿತು.

ನಾನು ಕರಬಸಪ್ಪನವರನ್ನು ನೋಡಿದೆ. ನನಗೆ ಅರ್ಥವಾಗಿತ್ತು. ಮಗ ಬ್ರೇಕ್ ಫೇಲಾಗಿ ಸತ್ತ ಎಂದು ನಾನು ಬರೆದುಕೊಟ್ಟಿದ್ದೆ. ಆ ಕಾಗದ ಓದಿದ ತಂದೆ, ಮಗಳ ಗಾಡಿಗೂ ಹಾಗಾಗಬಾರದೆಂದು ತಾನೇ ಸ್ಕ್ರೂ ಬಿಚ್ಚಿ, ಬ್ರೇಕಿನ ಡಬ್ಬಿ ತೆಗೆದು, ಗೆರೆಯ ತನಕ ತನ್ನ ಮಿಲ್ಲಿನ ಎಣ್ಣೆ ತುಂಬಿದ್ದ. ಆ ಸ್ಕೂಟಿಗೂ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು. ಇವತ್ತು ಗುರುವಾರ.

“ಹೋಗಿ ಎಷ್ಟೊತ್ತಾತು?” ಎಂದೆ.

“ಅರ್ಧ ತಾಸು ಆಗಿರಬೇಕ್ರಿ. ಯಾಕ್ರೀ? ಏನಾತ್ರೀ?”

ಕರಬಸಪ್ಪನವರು ಫೋನ್ ಹಚ್ಚಿದರು. ಎರಡು ಸಲ ತಪ್ಪು ನಂಬರು ಹೋಯಿತು. ಮೂರನೆಯ ಸಲ ಸರಿಯಾದ ನಂಬರಿಗೆ ಹೋಗಿ ಪೂರ್ತಿ ಬಡಿದು ನಿಂತಿತು. ಗಾಡಿ ಹೊಡೆಯುವಾಗ ಅವಳು ಫೋನನ್ನು ಸೀಟಿನ ಕೆಳಗೆ ಹಾಕಿರುತ್ತಾಳೆ ಎಂದು ವೀರವ್ವ ಹೇಳಿದರು. ಅಷ್ಟರಲ್ಲಿ ನಾನು ಕಾರಿನ ಕಡೆ ಓಡುತ್ತಿದ್ದೆ. ಅರವತ್ತೈದರ ಆ ಮನುಷ್ಯ ನನಗಿಂತ ಮೊದಲೇ ಹೋಗಿ ಕಾರಿನಲ್ಲಿ ಕೂತರು. ಹಿಂದಿನಿಂದ ವೀರವ್ವ ಏನಾಯಿತು ಹೇಳಿ ಎಂದು ಕೂಗುತ್ತ ಗೇಟಿನ ತನಕ ಬಂದರು. ಇಬ್ಬರೂ ತಿರುಗಿ ನೋಡಲಿಲ್ಲ.

ಊರು ದಾಟುತ್ತಲೇ ಹಿರೇಕೆರೂರು ಠಾಣೆಗೆ ಫೋನ್ ಮಾಡಿ, ಹಂಸಭಾವಿ ಕಡೆ ಬರುತ್ತಿರುವ ಸ್ಕೂಟಿಯನ್ನು ನಿಲ್ಲಿಸಿ, ಅದರಲ್ಲಿ ಸಣ್ಣ ಮಗು ಇದೆ ಎಂದೆ. ಗಾಡಿಯ ನಂಬರು ಕೇಳಿದರು. ಕರಬಸಪ್ಪನವರಿಗೆ ನೆನಪಾಗಲಿಲ್ಲ. ಬಣ್ಣ ಕೇಳಿದರು. ಅದೂ ನೆನಪಾಗದೆ ಅವರು ಹಣೆ ಹಣೆ ಬಡಿದುಕೊಂಡರು.

ಒಂದು ಟ್ರ್ಯಾಕ್ಟರು, ಒಂದು ಬಸ್ಸು, ಮತ್ತೊಂದು ಟ್ರ್ಯಾಕ್ಟರು ದಾಟಿದೆವು. ಪ್ರತಿ ತಿರುವಿನಲ್ಲೂ ಅವರು ಸೀಟಿನಿಂದ ಮುಂದೆ ಬಾಗುತ್ತಿದ್ದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ, ಭಾರ ಬರುತ್ತಿದೆ ಎಂದರೆ ಪ್ಯಾಡು ಹಿಡಿದಾಗಿದೆ, ಇನ್ನು ಅದು ಕಾದು ಬಿಗಿಯುವುದೊಂದು ಬಾಕಿ. ಅವಳು ನಿಧಾನ ಹೋಗುವವಳೋ ಜೋರು ಹೋಗುವವಳೋ ಎಂದು ಕೇಳಿದೆ. ಮಗು ಇದ್ದರೆ ನಿಧಾನ ಹೋಗುತ್ತಾಳೆ, ಮೇಲಿಂದ ಮೇಲೆ ಬ್ರೇಕು ಹಿಡಿಯುತ್ತಾಳೆ ಎಂದರು. ಹಿಡಿದಷ್ಟೂ ಅದು ಬೇಗ ಬಿಸಿಯಾಗುತ್ತದೆ; ನಾನು ಕಾರಿನ ವೇಗ ಹೆಚ್ಚಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಅವರೇ ಮಾತಾಡಿದರು. ನನ್ನ ಕಡೆ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದರು.

“ಮೇಡಂ, ಅವರಿಬ್ಬರೂ ಸಿಕ್ರಂದ್ರ ನಾಳೆ ಹತ್ತೂವರಿಗೆ ಕೋರ್ಟಿನ್ಯಾಗ ನಾನು ನಿಂದರ್ತೇನಿ. ಎಣ್ಣಿ ಹಾಕಿದಾವ ನಾನ, ರಬ್ಬರು ಸುಟ್ಟಾವನೂ ನಾನ ಅಂತ ಹೇಳ್ತೇನಿ. ಮನಿಯಾಕಿ ಮುಂದನೂ ಹೇಳ್ತೇನಿ.”

ನಾನು ತಲೆಯಾಡಿಸಿದೆ. ಅವರ ಮಾತು ಮುಗಿದಿರಲಿಲ್ಲ.

“ಸಿಗಲಿಲ್ಲಂದ್ರ, ಆ ಮೆಕ್ಯಾನಿಕ್ ಹುಡುಗನ್ನ ನೀವ ಹ್ಯಾಂಗರ ಮಾಡಿ ಬಿಡಸ್ರಿ. ಹೇಳಾಕ ನಾನು ಇರೂದಿಲ್ಲ.”

ತಿರುವು ಕಳೆಯಿತು. ಮುಂದೆ, ಕೆರೆಯ ದಂಡೆಯ ಇಳಿಜಾರಿನಲ್ಲಿ, ರಸ್ತೆಗೆ ಅಡ್ಡಲಾಗಿ ಜನ ಗುಂಪುಗೂಡಿದ್ದರು. ಬಸ್ಸೊಂದು ನಿಂತಿತ್ತು, ಇಳಿದವರೆಲ್ಲ ಮುಂದಕ್ಕೆ ಓಡುತ್ತಿದ್ದರು. ನಾನು ಕಾರು ನಿಲ್ಲಿಸುವ ಮೊದಲೇ ಕರಬಸಪ್ಪನವರು ಬಾಗಿಲು ತೆರೆದು ಇಳಿದರು.